ಗುಡ್ ಎಂಬ ಗಿಡದ ಎಲೆಗಳು

ನಾನು ಇಂಗ್ಲಿಷ್ ಅಕ್ಕೋರು ಆದದ್ದು ನನಗೆ ಇಂಗ್ಲಿಷ್ ಬರುತ್ತಿತ್ತೆಂದಲ್ಲ. ಶಾಲೆಯಲ್ಲಿದ್ದ ಉಳಿದ ಮಾಸ್ತರರೆಲ್ಲ ತಮಗೆ ಬರುವುದಿಲ್ಲವೆಂದು ನನಗಿಂತ ಮೊದಲೇ ಹೇಳಿ ಕೈ ತೊಳೆದುಕೊಂಡಿದ್ದರು. ಹೇಳುವುದರಲ್ಲಿ ನಾನು ತುಸು ತಡ ಮಾಡಿದೆ. ಆ ತಡದ ಫಲವನ್ನು ನಿವೃತ್ತಿಯಾಗುವವರೆಗೂ ಉಂಡೆ.

ಈಗ ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ಇಂಗ್ಲಿಷ್ ಹೇಗೆ ಕಲಿಸಬೇಕು ಎಂದು ಕೇಳುತ್ತಾರೆ. ಕೇಳುವಾಗ ಒಂದು ಕಣ್ಣು ಫೋನಿನ ಮೇಲಿರುತ್ತದೆ. ಬಾಯಲ್ಲಿ ಹೇಳಿದರೆ ಅರ್ಧ ಕಿವಿಗೆ ಬೀಳುತ್ತದೆ ಎಂದು ಬರೆದೇ ಇಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಇದರಲ್ಲಿ ಸಿಗುವುದಿಲ್ಲ. ನನಗೆ ಶಾಲು ಹೊದಿಸಿದವರು ನಾನು ಏನು ಕಲಿಸಿದೆನೆಂದು ಕೇಳಲಿಲ್ಲ. ಶಾಲು ಮಾತ್ರ ಚೆನ್ನಾಗಿತ್ತು, ಈಗ ಅದನ್ನು ಹಪ್ಪಳ ಒಣಗಿಸಲು ಹಾಸುತ್ತೇನೆ.

ನಾನು ಹೇಳಬೇಕೆಂದಿರುವುದು ಒಂದೇ ಒಂದು ಇಂಗ್ಲಿಷ್ ಶಬ್ದದ ಸಂಗತಿ. ಗುಡ್. ಅದನ್ನು ಕಲಿಸಲು ಅಕ್ಕೋರೇ ಬೇಕಾಗಿಲ್ಲ. ಒಂದನೇ ಇಯತ್ತೆಯ ಮಗು ಮೊದಲ ದಿನವೇ ಮಧ್ಯಾಹ್ನ ಎರಡಕ್ಕೂ ಗುಡ್ ಮಾರ್ನಿಂಗ್ ಎಂದು ಕೂಗುತ್ತದೆ. ಇಷ್ಟು ಸರಳ ಶಬ್ದವನ್ನು ಹಿಡಿದುಕೊಂಡು ನಮ್ಮ ಇಲಾಖೆ ಎಷ್ಟು ಕುಣಿಯಿತು, ನಮ್ಮನ್ನೆಲ್ಲ ಎಷ್ಟು ಕುಣಿಸಿತು ಎಂಬುದನ್ನು ನೋಡಿದವಳು ನಾನು.

ಮೊದಲಿಗೆ ನರಗುಂದದಲ್ಲಿದ್ದೆ. ಅಲ್ಲಿ ನನಗಿಂತ ಹಿರಿಯರಾದ ಮಾಸ್ತರರೊಬ್ಬರು ಇಂಗ್ಲಿಷ್ ಪಾಠ ಹೇಳುವ ಕ್ರಮವನ್ನು ನನಗೆ ದೀಕ್ಷೆ ಕೊಟ್ಟರು. ಕ್ರಮ ಬಹಳ ಸುಲಭ. ಹಲಗೆಯ ನಡುವೆ ಒಂದು ಗೆರೆ. ಎಡಕ್ಕೆ ಶಬ್ದ, ಬಲಕ್ಕೆ ಅರ್ಥ. ಅದರ ಕೆಳಗೆ ಅದೇ ಅರ್ಥದ ಬೇರೆ ಶಬ್ದಗಳು, ಗೈಡಿನಲ್ಲಿ ಇದ್ದಷ್ಟು. ಮಕ್ಕಳು ಬರೆದುಕೊಂಡು ಮಗ್ಗಿಯ ರಾಗದಲ್ಲಿ ಹಾಡಬೇಕು. ಹಾಡುವಾಗ ಮಾಸ್ತರರು ಕಿಟಕಿಯ ಹತ್ತಿರ ನಿಂತು ಅಡಕೆ ಕತ್ತರಿಸಬೇಕು. ರಾಗ ತಪ್ಪಿದರೆ ಮಾತ್ರ ತಿರುಗಿ ನೋಡಬೇಕು.

ಗೈಡ್ ಬರೆದವನು ಯಾರೋ, ಅವನ ಮನೆ ತಣ್ಣಗಿರಲಿ. ಗುಡ್ ಎಂಬುದಕ್ಕೆ ಅವನು ಕೊಟ್ಟ ಪಟ್ಟಿಯಲ್ಲಿ ನೈಸ್, ಫೈನ್, ಕೈಂಡ್ ಇದ್ದ ಹಾಗೆಯೇ ವರ್ಚುಯಸ್ ಕೂಡ ಇತ್ತು. ಸದ್ಗುಣವುಳ್ಳ, ಶೀಲವಂತ ಎಂಬರ್ಥದ ಭಾರೀ ಶಬ್ದ. ಪರೀಕ್ಷೆಯಲ್ಲಿ ಮನೆಯ ಎಮ್ಮೆಯ ಮೇಲೆ ನಾಲ್ಕು ಸಾಲು ಬರೆಯಲು ಕೇಳಿದ್ದೆವು. ಇಡೀ ತರಗತಿ ಎಮ್ಮೆ ಗುಡ್ ಎಂದು ಬರೆದಿತ್ತು. ಜಾಣ ಎನಿಸಿಕೊಂಡ ಹುಡುಗನೊಬ್ಬ ಎಲ್ಲರಿಗಿಂತ ಬೇರೆ ಇರಲಿ ಎಂದು ನಮ್ಮ ಎಮ್ಮೆ ವರ್ಚುಯಸ್ ಎಂದು ಬರೆದ. ಅದರ ಹಾಲೂ ವರ್ಚುಯಸ್ ಅಂತೆ. ನಾನು ಕೆಂಪು ಮಸಿಯಲ್ಲಿ ಗುಂಡು ಸುತ್ತಿದೆ. ಹಿರಿಯ ಮಾಸ್ತರರು ನನ್ನನ್ನು ಕರೆದು, ಪಟ್ಟಿಯಲ್ಲಿ ಇರುವುದನ್ನು ಬರೆದಿದ್ದಾನೆ, ಪೂರ್ತಿ ಅಂಕ ಕೊಡಬೇಕು ಎಂದರು. ಎಮ್ಮೆಗೆ ಶೀಲ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಅಡಕೊತ್ತನ್ನು ಮುಚ್ಚಿ, ಗೈಡಿಗಿಂತ ನೀವು ದೊಡ್ಡವರೇನು ಎಂದರು. ಎಮ್ಮೆ ಶೀಲವಂತಳಾಗಿಯೇ ಮುಂದಿನ ತರಗತಿಗೆ ಹೋಯಿತು.

ಆಮೇಲೆ ತರಬೇತಿಗಳ ಕಾಲ ಬಂತು. ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಎಂಬ ಹೊಸ ಆದೇಶ ಹೊರಟಾಗ ನಮ್ಮನ್ನೆಲ್ಲ ರೋಣಕ್ಕೆ ಕರೆದು ಕೂಡಿಸಿದರು. ಹಳೆಯ ಮಗ್ಗಿಯ ರಾಗ ತಪ್ಪು, ಇನ್ನು ಮುಂದೆ ಚಟುವಟಿಕೆ ಎಂದರು. ನನಗೆ ಒಳಗೊಳಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಚಟುವಟಿಕೆ ಎಂದರೆ ಚಾರ್ಟು, ಕತ್ತರಿ, ಥರ್ಮೋಕೋಲು ಎಂದು ಮಧ್ಯಾಹ್ನದೊಳಗೆ ಗೊತ್ತಾಯಿತು. ತರಬೇತಿ ಕೊಡಲು ಬಂದವರು ಒಂದು ದೊಡ್ಡ ಗಿಡ ಬರೆಸಿದರು. ಬೊಡ್ಡೆಯಲ್ಲಿ ಗುಡ್ ಎಂಬ ಶಬ್ದ. ಹಸಿರು ಕಾಗದದ ಎಲೆ ಕತ್ತರಿಸಿ, ಒಂದೊಂದು ಎಲೆಯ ಮೇಲೆ ಅದೇ ಅರ್ಥದ ಒಂದೊಂದು ಶಬ್ದ ಬರೆದು ಅಂಟಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಹಲಗೆ ಒರೆಸಲು ಬಟ್ಟೆ ಇಲ್ಲದ ಶಾಲೆಗಳಿಗೆಲ್ಲ ಮಿರುಗುವ ಕಾಗದ ಬಂತು.

ನಾನು ಎದ್ದು ನಿಂತು ಕೇಳಿದೆ. ಎಲ್ಲ ಎಲೆ ಒಂದೇ ಗಿಡದವು ಎಂದ ಮೇಲೆ ಯಾವ ಎಲೆಯನ್ನು ಬೇಕಾದರೂ ಎಲ್ಲಿ ಬೇಕಾದರೂ ಹಚ್ಚಬಹುದೇ? ಮನುಷ್ಯನಿಗೆ ಕೈಂಡ್ ಅನ್ನುತ್ತೇವೆ, ಮಳೆಗೂ ಅನ್ನಬಹುದೇ? ತರಬೇತಿಯವರು ಗಡಿಯಾರ ನೋಡಿ, ಒಳ್ಳೆಯ ಪ್ರಶ್ನೆ, ಚಹಾ ಬಂದಿದೆ ಎಂದರು. ಚಹಾ ಕುಡಿದು ಬಂದ ಮೇಲೆ ಅವರು ಕತ್ತರಿಗಳನ್ನು ಎಣಿಸುತ್ತಿದ್ದರು.

ಹೀಗೆ ಇಡೀ ತಾಲೂಕಿನಲ್ಲಿ ಗುಡ್ ಗಿಡ ಬೆಳೆಯಿತು. ಯಾವಗಲ್ ಕಡೆ ಹೋದರೂ ಅದೇ ಗಿಡ, ರಾಜೂರ ಕಡೆ ಬಂದರೂ ಅದೇ ಗಿಡ, ಅವೇ ಎಲೆ. ಆ ಹೊತ್ತಿಗೆ ನಾನು ರಾಜೂರದಾಚೆಯ ಒಂದು ಸಣ್ಣ ಹಳ್ಳಿಯ ಶಾಲೆಗೆ ಬಂದಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಒಳ್ಳೆಯವರು, ಅವರ ತಪ್ಪೇನೂ ಇಲ್ಲ. ನಮ್ಮ ಶಾಲೆಯಲ್ಲಿ ಅಂಟು ತೀರಿತೆಂದು ಬಿಸಿಯೂಟದ ಅನ್ನದ ಅಗುಳಿನಿಂದಲೇ ಎಲೆ ಅಂಟಿಸಿದ್ದರು. ರಜೆ ಮುಗಿಸಿ ಬಂದು ನೋಡಿದರೆ ಇಲಿಗಳು ಎಕ್ಸಲೆಂಟನ್ನು ಪೂರ್ತಿ, ಫೈನನ್ನು ಅರ್ಧ ತಿಂದಿದ್ದವು. ಹೆಡ್ ಮಾಸ್ತರರಾದ ಮಲ್ಲಪ್ಪನವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಪಾಠ ಯಾರೂ ಮಾಡದಿದ್ದಾಗ ಅವರು ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ನಾನು ಗಿಡವನ್ನು ಅದರ ಪಾಡಿಗೆ ಬಿಟ್ಟು ನನ್ನ ದಾರಿ ಹಿಡಿದೆ. ನಮ್ಮ ಕಡೆ ಚಲೋ ಎಂಬ ಮಾತಿದೆಯಲ್ಲ, ಗುಡ್ ಮಾಡುವ ಕೆಲಸವನ್ನೆಲ್ಲ ಅದೂ ಮಾಡುತ್ತದೆ. ಚಲೋ ಎತ್ತು, ಚಲೋ ಮಳೆ, ಚಲೋ ರೊಟ್ಟಿ, ಚಲೋ ಮನುಷ್ಯ. ಮಕ್ಕಳನ್ನು ಕೇಳುತ್ತಿದ್ದೆ: ಎತ್ತು ಚಲೋ ಎಂದರೆ ಏನು ಚಲೋ? ಗಟ್ಟಿ ಇದೆ ಅಕ್ಕೋರ, ಎನ್ನುತ್ತಿದ್ದರು. ಹಾಗಾದರೆ ಸ್ಟ್ರಾಂಗ್ ಎನ್ನು. ರೊಟ್ಟಿ ಚಲೋ ಎಂದರೆ? ಮೆತ್ತಗಿದೆ. ಸಾಫ್ಟ್ ಎನ್ನು. ಮನುಷ್ಯ ಚಲೋ ಎಂದರೆ? ಬಾವಿಯಲ್ಲಿ ಬಿದ್ದ ಕೊಡ ತೆಗೆದುಕೊಡುತ್ತಾನೆ. ಅವನು ಕೈಂಡ್. ಹೀಗೆ ಒಂದು ಚಲೋ ಒಡೆದು ನೋಡಿದರೆ ಒಳಗೆ ಹತ್ತು ಮಾತು ಇರುತ್ತಿದ್ದವು. ಇದಕ್ಕೆ ಚಾರ್ಟು ಬೇಕಿರಲಿಲ್ಲ, ಊರಿನ ಎತ್ತುಗಳೇ ಸಾಕಾಗಿದ್ದವು. ಇಲಾಖೆಯ ಕಣ್ಣಿಗೆ ಕಾಣದ್ದೂ ಅದಕ್ಕೇ.

ಈ ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಏಳನೇ ಇಯತ್ತೆಯ ರಜಿಯಾ. ಗಾದಿ ಹೊಲಿಯುವ ದಾವಲಸಾಬನ ಮಗಳು. ಅವಳಿಗೆ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ, ಮುಖ್ಯವಾಗಿ ಮಾತಿನ ಮೊದಲಿಗೆ ಗಕಾರ ಬಂದರೆ ಗಂಟಲಲ್ಲಿ ಕಲ್ಲು ಸಿಕ್ಕಿದಂತೆ ನಿಂತುಬಿಡುತ್ತಿತ್ತು. ಇದು ನನಗೆ ಬಹಳ ದಿನ ಗೊತ್ತೇ ಆಗಲಿಲ್ಲ, ಯಾಕೆಂದರೆ ಆ ಹುಡುಗಿ ಗಕಾರವನ್ನು ಸುತ್ತು ಹಾಕಿಕೊಂಡು ಹೋಗುವ ದಾರಿಗಳನ್ನೆಲ್ಲ ಕಂಡುಕೊಂಡಿದ್ದಳು. ಉಳಿದವರು ಗೊತ್ತಿಲ್ಲ ಅಂದರೆ ಅವಳು ತಿಳೀವಲ್ದು ಅನ್ನುತ್ತಿದ್ದಳು. ಗಿಡ ಅನ್ನುವ ಕಡೆ ಮರ, ಗಾಳಿ ಅನ್ನುವ ಕಡೆ ಬೀಸೂದು. ಅಪ್ಪನ ಕಸುಬು ಏನೆಂದು ಕೇಳಿದರೆ ಹಾಸಿಗಿ ಹೊಲೀತಾರ್ರಿ ಎನ್ನುತ್ತಿದ್ದಳು. ಆ ಮನೆಯಲ್ಲಿ ಗಾದಿ ಎಂಬ ಮಾತು ಆಡದವಳು ಅವಳೊಬ್ಬಳೇ. ಮಾತು ಸಿಕ್ಕಿಕೊಂಡಾಗ ತುಟಿ ಮುಚ್ಚಿ, ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ಹತ್ತಿಯಲ್ಲಿ ಬೀಜ ಹುಡುಕುವವರ ಹಾಗೆ. ಬೆರಳು ನಿಂತಿತೆಂದರೆ ಬೇರೆ ಮಾತು ಸಿಕ್ಕಿತು ಎಂದು ಅರ್ಥ.

ಯೋಚಿಸಿ ನೋಡಿ. ಒಂದೇ ಅರ್ಥಕ್ಕೆ ಹತ್ತು ಶಬ್ದ ಯಾಕೆ ಬೇಕು ಎಂದು ನನ್ನ ನೌಕರಿಯಲ್ಲಿ ಯಾವ ತರಬೇತಿಯವರೂ ಹೇಳಲಿಲ್ಲ. ಅಂಕಕ್ಕೆ ಬೇಕು ಎಂದಷ್ಟೇ ಅವರಿಗೆ ಗೊತ್ತು. ರಜಿಯಾಳಿಗೆ ಉಸಿರಾಡಲು ಬೇಕಾಗಿತ್ತು.

ಏಳನೆಯದು ಮುಗಿದರೆ ನಮ್ಮ ಹಳ್ಳಿಯ ಮಕ್ಕಳು ಗಜೇಂದ್ರಗಡದ ಹೈಸ್ಕೂಲಿಗೆ ಬಸ್ಸು ಹತ್ತಬೇಕು. ದಾವಲಸಾಬ ಮಗಳನ್ನು ಕಳಿಸುವುದಿಲ್ಲ ಎಂದು ಸುದ್ದಿ ಬಂದಾಗ ನಾನು ಅವನ ಮನೆಗೆ ಹೋದೆ. ಅವನು ಜಮಖಾನೆ ಹಾಸಿ ಕೂಡಿಸಿದ. ಮಾತು ಕಡಿಮೆಯ ಮನುಷ್ಯ. ಹತ್ತಿಯ ನಡುವೆ ಕುಳಿತು ಕುಳಿತು ಅವನ ಹುಬ್ಬೂ ಬೆಳ್ಳಗಾಗಿತ್ತು. ಓದಿಸಲು ಮನಸ್ಸಿಲ್ಲವೇ ಎಂದು ಕೇಳಿದೆ. ಅವನು ದಾರ ಎಳೆಯುತ್ತ ಹೇಳಿದ.

"ಮನಸ್ಸೈತ್ರಿ ಅಕ್ಕೋರ. ಆದ್ರ ಮಂದಿ ನಗತಾರ. ಇಲ್ಲಿ ನಕ್ಕರ ಅವರ ಮನೀಗೆ ಹೋಗಿ ಕೇಳತೀನಿ. ಅಲ್ಲಿ ಯಾರನ್ನ ಕೇಳ್ಲಿ? ಊರ ಹೆಸರ ಹೇಳಾಕ ಬರೂದಿಲ್ಲ ಆಕಿಗೆ. ಬಸ್ಸಿನ್ಯಾಗ ಎಲ್ಲಿಗಂತ ಕೇಳಿದ್ರ ಏನ್ ಹೇಳತಾಳ?"

ಅವನೇ ಒಂದು ದಾರಿ ಹೇಳಿದ. ಗುರುತಿಲ್ಲದ ಒಬ್ಬ ದೊಡ್ಡ ಮನುಷ್ಯನ ಮುಂದೆ ಮಗಳು ಒಂದು ಮಾತನ್ನು ಪೂರ್ತಿ ಆಡಿ ತೋರಿಸಲಿ, ಕಣ್ಣಿಂದ ನೋಡಿದರೆ ತನಗೂ ಧೈರ್ಯ ಬರುತ್ತದೆ, ಕಳಿಸುತ್ತೇನೆ ಎಂದ. ರಜಿಯಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ದೊಡ್ಡ ಮನುಷ್ಯ ಎಲ್ಲಿ ಸಿಗಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಜೀಪು ಹತ್ತಿ ಒಬ್ಬರು ನಮ್ಮ ಶಾಲೆಗೆ ಬರುವರೆಂದು ಸುದ್ದಿ ಬಂತು.

ಇಲಾಖೆಯ ಹೊಸ ಸಾಹೇಬರು. ಇವರಿಗೆ ಶಾಲೆ ನೋಡುವ ಹುಚ್ಚು. ಮೂರು ಶಾಲೆ ಒಂದೇ ದಿನಕ್ಕೆ ಮುಗಿಸುತ್ತಿದ್ದರು. ಹೋದಲ್ಲೆಲ್ಲ ಕೇಳುವುದು ಒಂದೇ ಪ್ರಶ್ನೆ: ಗುಡ್ ಎಂಬುದರ ಅರ್ಥವೇನು, ಸಮಾನ ಪದ ಎಷ್ಟು ಬರುತ್ತವೆ? ಗೋಡೆಯ ಗಿಡ ಕಣ್ಣಿಗೆ ಬೀಳುತ್ತಿತ್ತಲ್ಲ, ಪ್ರಶ್ನೆ ಹುಡುಕುವ ಕಷ್ಟವಿರಲಿಲ್ಲ. ಮಕ್ಕಳು ಹೇಳಿದರೆ ವೆರಿ ಗುಡ್ ಎನ್ನುವರು, ಹೇಳದಿದ್ದರೆ ಹೆಡ್ ಮಾಸ್ತರರಿಗೆ ನೋಟಿಸು. ಆಗ ಮೊಬೈಲು ಆಗತಾನೆ ಮಾಸ್ತರರ ಕಿಸೆಗೆ ಬಂದಿತ್ತು. ಜೀಪು ಒಂದು ಊರು ಬಿಟ್ಟರೆ ಮುಂದಿನ ಊರಿಗೆ ಮಿಸ್ಡ್ ಕಾಲ್. ಇಂಗ್ಲಿಷ್ ಕಲಿಸುವುದರಲ್ಲಿ ಇಲ್ಲದ ಶಿಸ್ತು ಈ ಮಿಸ್ಡ್ ಕಾಲಿನಲ್ಲಿ ಇತ್ತು.

ನಮ್ಮ ಹೆಡ್ ಮಾಸ್ತರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಕ್ಕದ ದೊಡ್ಡ ಊರಿನ ಶಾಲೆಯ ಹೆಡ್ ಮಾಸ್ತರರು ಇವರ ಬೀಗರು. ಅಲ್ಲಿ ಗುಡ್ ಗಿಡದ ಎಲ್ಲ ಎಲೆಗಳನ್ನು ಬಾಯಿಪಾಠ ಮಾಡಿದ ಒಂದಷ್ಟು ಹುಡುಗರಿದ್ದರು. ಅವರ ಮುಂದಾಳು ಮಂಜ. ರಾಗ ತಪ್ಪದೆ, ಉಸಿರು ಬಿಡದೆ ಹೇಳುತ್ತಿದ್ದ. ಅರ್ಥ ಕೇಳಿದರೆ ಮತ್ತೆ ಮೊದಲಿಂದ ಹೇಳುತ್ತಿದ್ದ. ಬೀಗರಿಬ್ಬರೂ ಕೂಡಿ ಉಪಾಯ ಮಾಡಿದರು. ಸಾಹೇಬರು ಮೊದಲು ದೊಡ್ಡ ಊರಿನ ಶಾಲೆ ನೋಡುತ್ತಾರೆ. ನೋಡಿ ಚಹಾ ಕುಡಿಯುವಷ್ಟರಲ್ಲಿ ಮಂಜನ ಪಡೆ ಟ್ರ್ಯಾಕ್ಟರ್ ಹತ್ತಿ ಹೊಲದ ದಾರಿಯಿಂದ ಎರಡನೆಯ ಶಾಲೆಗೆ ಹೋಗಿ ಬೆಂಚಿನಲ್ಲಿ ಕೂಡುತ್ತದೆ. ಅಲ್ಲಿಂದ ಮತ್ತೆ ಟ್ರ್ಯಾಕ್ಟರ್, ನಮ್ಮ ಶಾಲೆ. ಕಡಲೆ ಕೀಳುವ ಕಾಲ, ಎರೆಹೊಲ ಒಣಗಿ ಗಟ್ಟಿಯಾಗಿತ್ತು, ಟ್ರ್ಯಾಕ್ಟರಿಗೆ ಅಡ್ಡಿಯಿರಲಿಲ್ಲ. ಎಲ್ಲ ಶಾಲೆಯ ಮಕ್ಕಳಿಗೂ ಅದೇ ನೀಲಿ ಬಟ್ಟೆ. ಸರ್ಕಾರ ಸಮವಸ್ತ್ರವನ್ನು ಯಾಕೆ ಕೊಡುತ್ತದೆ ಎಂಬುದು ನನಗೆ ಅವತ್ತು ತಿಳಿಯಿತು.

ಬಂದ ಹುಡುಗರಿಗೆ ಜಾಗ ಬೇಕಲ್ಲ. ನಮ್ಮ ಮಕ್ಕಳಲ್ಲಿ ಯಾರು ಬಾಯಿ ಬಿಟ್ಟರೆ ಕೆಡುತ್ತದೋ ಅವರನ್ನು ಎಬ್ಬಿಸಿ ಬಿಸಿಯೂಟದ ಅಡುಗೆ ಕೋಣೆಗೆ ಕಳಿಸಿದರು, ಅಕ್ಕಿ ಆರಿಸಲು. ಅದರಲ್ಲಿ ಮೊದಲ ಹೆಸರು ರಜಿಯಾಳದು. ನಾನು ಅಡ್ಡ ನಿಂತೆ. ಆ ಹುಡುಗಿಗೆ ಈ ದಿನ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಿದೆ, ಅಪ್ಪ ಇಟ್ಟ ಮಾತನ್ನೂ ಹೇಳಿದೆ. ಮಲ್ಲಪ್ಪನವರು ಕೈ ಮುಗಿದರು.

"ಅಕ್ಕೋರ, ಆಕಿ ಗ ಗ ಅಂತ ನಿಂತ್ಲಂದ್ರ ಸಾಹೇಬ್ರು ನನ್ನ ಕೂಡ ಗ ಗ ಅನಸ್ತಾರ. ಇದೊಂದು ದಿನ ದಾಟಿಸ್ರಿ."

ಮನುಷ್ಯ ಹೆದರಿದರೆ ಅವನ ಹತ್ತಿರ ನ್ಯಾಯ ಮಾತಾಡಿ ಪ್ರಯೋಜನವಿಲ್ಲ. ಅದೂ ಅಲ್ಲದೆ ಅದೇ ಹೊತ್ತಿಗೆ ದಾವಲಸಾಬನೂ ಬಂದ. ಮಗಳ ಪರೀಕ್ಷೆ ನೋಡಲು ಬಂದದ್ದಷ್ಟೇ ಅಲ್ಲ. ಸಾಹೇಬರ ಕುರ್ಚಿ ಗಟ್ಟಿಯಾಗಿದೆ ಎಂದು ಹೆಡ್ ಮಾಸ್ತರರು ಅವನಿಗೆ ಸಣ್ಣ ಗಾದಿ ಹೊಲಿಯಲು ಹೇಳಿದ್ದರು, ಅದನ್ನು ತಂದಿದ್ದ. ಕುರ್ಚಿಯ ಮೇಲೆ ಹಾಸಿ, ಅಂಗೈಯಿಂದ ಸವರಿ, ಬಾಗಿಲ ಬಳಿ ನಿಂತು ತರಗತಿಯಲ್ಲಿ ಮಗಳನ್ನು ಹುಡುಕಿದ. ಅವಳ ಜಾಗದಲ್ಲಿ ಮಂಜ ಕುಳಿತಿದ್ದ, ಕೂದಲಲ್ಲಿ ಟ್ರ್ಯಾಕ್ಟರಿನ ಧೂಳು. ದಾವಲಸಾಬ ನನ್ನ ಮುಖ ನೋಡಿದ. ನಾನು ಅಡುಗೆ ಕೋಣೆಯ ಕಡೆ ಕಣ್ಣು ತೋರಿಸಿದೆ. ಅವನು ಹೋಗಿ ಅಲ್ಲಿಯ ಬಾಗಿಲ ಪಕ್ಕ ನಿಂತುಕೊಂಡ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

ಸಾಹೇಬರು ಬಂದರು, ಗಾದಿಯ ಮೇಲೆ ಕುಳಿತರು, ಆರಾಮೆನಿಸಿ ಒಮ್ಮೆ ಕೆಳಗೆ ನೋಡಿದರು. ಪ್ರಶ್ನೆ ಕೇಳಿದರು. ಮಂಜ ಎದ್ದು ಗಿಡವನ್ನು ಎಲೆ ಸಮೇತ ಒದರಿದ. ನಮ್ಮ ಗೋಡೆಯಲ್ಲಿ ಇಲಿ ತಿಂದ ಎಲೆಗಳನ್ನೂ ಬಿಡಲಿಲ್ಲ. ಸಾಹೇಬರು ವೆರಿ ಗುಡ್, ವೆರಿ ಗುಡ್, ವೆರಿ ಗುಡ್ ಎಂದು ಅವನ ಕೆನ್ನೆ ತಟ್ಟಿದರು. ಬೆಳಿಗ್ಗೆಯಿಂದ ಅದೇ ಕೆನ್ನೆಯನ್ನು ಅವರು ತಟ್ಟುತ್ತಿರುವುದು ಮೂರನೆಯ ಸಲ. ಕೈಗೆ ಧೂಳು ಹತ್ತಿತೆಂದು ಒರೆಸಿಕೊಂಡು ನನ್ನ ಕಡೆ ತಿರುಗಿ, ಈ ಭಾಗದ ಹುಡುಗರ ಮುಖಗಳೆಲ್ಲ ಒಂದೇ ನಮೂನಿ ಇರುತ್ತವೆ ಎಂದರು. ಕಣ್ಣಿದ್ದೂ ಕಾಣದವರಿಗೆ ಸಂಬಳ ಕೊಟ್ಟು ಜೀಪಿನಲ್ಲಿ ತಿರುಗಿಸುತ್ತಾರೆ ಎಂಬುದನ್ನು ಹೊಸಬರು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಇಲ್ಲಿಗೆ ಮುಗಿಯಿತೆಂದು ಮಲ್ಲಪ್ಪನವರು ಉಸಿರು ಬಿಟ್ಟರು. ಆದರೆ ಬಿಸಿಯೂಟದ ರುಚಿ ನೋಡುವುದೂ ಸಾಹೇಬರ ಕೆಲಸವೇ. ಊಟವನ್ನು ಇಲ್ಲಿಗೇ ತರಿಸುತ್ತೇನೆ ಎಂದು ಹೆಡ್ ಮಾಸ್ತರರು ಎಷ್ಟು ಹೇಳಿದರೂ ಕೇಳದೆ ಅವರು ಅಡುಗೆ ಕೋಣೆಗೇ ನಡೆದರು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಅಡುಗೆಯ ನೀಲವ್ವ ಒಂದು ತಾಟಿನಲ್ಲಿ ಅನ್ನ ಸಾರು ಬಡಿಸಿ ಕೊಟ್ಟಳು. ಮೂಲೆಯಲ್ಲಿ ನಮ್ಮ ಮಕ್ಕಳು ಮೊರ ಹಿಡಿದು ಕುಳಿತಿದ್ದರು. ಅವರಿಗೆ ನೀಲವ್ವ ಮೊದಲೇ ಉಣ್ಣಲು ಕೊಟ್ಟಿದ್ದಳು. ಇವರು ಯಾರು ಎಂದು ಸಾಹೇಬರು ಕೇಳಿದರು. ಇವರೂ ಏಳನೆಯ ಇಯತ್ತೆಯ ಮಕ್ಕಳೇ ಎಂದು ನಾನು ಹೇಳಿದೆ.

ಸಾಹೇಬರು ಎದುರಿಗಿದ್ದ ರಜಿಯಾಳನ್ನು ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಅವಳು ಎದ್ದು ನಿಂತು ತಡವರಿಸದೆ ಹೇಳಿದಳು. ಬಾಗಿಲ ಪಕ್ಕದಲ್ಲಿದ್ದ ದಾವಲಸಾಬನ ಕಡೆ ನಾನು ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ಆಮೇಲೆ ಸಾಹೇಬರು, ಹೌ ಈಸ್ ದ ಫುಡ್ ಎಂದರು. ಊಟ ಹೇಗಿದೆ ಎಂದು ಕೇಳಿದರೆ ಈ ನಾಡಿನ ಎಲ್ಲ ಶಾಲೆಗಳ ಎಲ್ಲ ಮಕ್ಕಳಿಗೂ ಗೊತ್ತಿರುವ ಉತ್ತರ ಒಂದೇ. ರಜಿಯಾ ಅದನ್ನೇ ಹೇಳಲು ಹೋದಳು. ಗಕಾರ ನಿಂತಿತು. ಮತ್ತೆ ಎತ್ತಿದಳು, ಮತ್ತೆ ನಿಂತಿತು. ಸಾಹೇಬರು ತುತ್ತನ್ನು ಕೈಯಲ್ಲೇ ಹಿಡಿದು ಕಾದರು, ಅವರ ಹಿಂದೆ ನಿಂತಿದ್ದ ಗುಮಾಸ್ತ ನಗತೊಡಗಿದ.

ರಜಿಯಾ ತುಟಿ ಮುಚ್ಚಿದಳು. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ನಡೆಯಿತು, ನಿಂತಿತು. ಆಮೇಲೆ ತಲೆ ಎತ್ತಿ ಹೇಳಿದಳು.

"ದ ರೈಸ್ ಈಸ್ ಸಾಫ್ಟ್, ಸರ್. ದ ಸಾರು ಈಸ್ ಹಾಟ್. ನೀಲವ್ವ ಈಸ್ ಕೈಂಡ್."

ಅನ್ನ ಮೆತ್ತಗಿದೆ, ಸಾರು ಬಿಸಿಯಾಗಿದೆ, ನೀಲವ್ವ ಒಳ್ಳೆಯವಳು. ಒಂದು ಚಲೋ ಒಡೆದು ಮೂರು ಮಾಡಿ, ಯಾವುದನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟಿದ್ದಳು. ನನ್ನ ನೌಕರಿಯಲ್ಲಿ ಇಂಗ್ಲಿಷ್ ಕೇಳಿ ನನ್ನ ಕಣ್ಣು ತುಂಬಿದ್ದು ಅದೊಂದೇ ಸಲ.

ಸಾಹೇಬರಿಗೆ ಅದು ಕೇಳಿಸಲೇ ಇಲ್ಲ ಎಂದು ಕಾಣುತ್ತದೆ. ಅವರ ಕಿವಿಯಲ್ಲಿ ಮೊದಲಿನ ತಡವರಿಕೆ ಒಂದೇ ಉಳಿದಿತ್ತು. ಒಂದನೆಯ ಇಯತ್ತೆಯ ಮಕ್ಕಳಿಗೂ ಗುಡ್ ಅನ್ನಲು ಬರುತ್ತದೆ, ಇವಳಿಗೆ ಬರುವುದಿಲ್ಲವೇ ಎಂದು ನಕ್ಕರು. ನಾನು ತಡೆಯಲಾರದೆ, ಸಾಹೇಬರೇ, ಅವಳು ಮೂರು ವಾಕ್ಯ ಹೇಳಿದ್ದಾಳೆ ಎಂದೆ. ಆದರೆ ಗುಡ್ ಎನ್ನಲಿಲ್ಲವಲ್ಲ ಎಂದರು. ಅದೇ ಅರ್ಥದ ಬೇರೆ ಶಬ್ದಗಳನ್ನು ಊರೂರು ತಿರುಗಿ ಕೇಳುತ್ತೀರಲ್ಲ, ಅವಳು ಹೇಳಿದ್ದು ಅದನ್ನೇ ಎಂದೆ. ಅವರ ಮುಖ ಕೆಂಪಾಯಿತು. ಕೈ ತೊಳೆಯುತ್ತ, ಹುಡುಗಿಯ ಅಪ್ಪ ಯಾರು ಎಂದು ಕೇಳಿದರು. ದಾವಲಸಾಬ ಮುಂದೆ ಬಂದು ನಿಂತ.

"ಇಂಥಾಕಿನ್ನ ಮುಂದ ಓದಿಸಿ ಯಾಕ ತ್ರಾಸ ಕೊಡ್ತಿ? ಉಗ್ಗತಾಳ. ಮನ್ಯಾಗ ಹೊಲಿಗಿ ಕಲಿಸು."

ದಾವಲಸಾಬ ಹೌದ್ರಿ ಎಂದ. ಮನೆಯಲ್ಲಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಹುಡುಗಿ ಈಗ ಎದುರಿಗೇ ನಿಂತು ಕೇಳಿಸಿಕೊಂಡಳು. ಮೊರದಲ್ಲಿಯ ಅಕ್ಕಿ ನೋಡುತ್ತ ಕುಳಿತಳು. ಸಾಹೇಬರು ಹೊರಗೆ ಬಂದು ಶಾಲೆ ವೆರಿ ಗುಡ್ ಎಂದರು, ಗಿಡ ವೆರಿ ಗುಡ್ ಎಂದರು, ಹೆಡ್ ಮಾಸ್ತರರ ಬೆನ್ನು ತಟ್ಟಿ ಇನ್ನೊಮ್ಮೆ ವೆರಿ ಗುಡ್ ಎಂದು ಜೀಪು ಹತ್ತಿದರು. ಶಾಲೆಯ ಹಿಂದೆ ಟ್ರ್ಯಾಕ್ಟರ್ ಶುರುವಾಯಿತು. ಮಂಜ ಟ್ರೇಲರಿನಲ್ಲಿ ನಿಂತು ಇನ್ನೂ ಎಲೆಗಳನ್ನು ಹಾಡುತ್ತಿದ್ದ, ಪಾಪ, ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ದಾವಲಸಾಬ ಒಳಗೆ ಹೋಗಿ ಕುರ್ಚಿಯ ಮೇಲಿನ ಗಾದಿ ಎತ್ತಿಕೊಂಡ. ಸಾಹೇಬರು ಕುಳಿತಲ್ಲಿ ತಗ್ಗು ಬಿದ್ದಿತ್ತು. ಅದನ್ನು ಎರಡೂ ಅಂಗೈಯಿಂದ ಬಡಿಬಡಿದು ಉಬ್ಬಿಸಿದ. ನಾನು ಎದುರಿಗೆ ಹೋಗಿ ನಿಂತೆ. ಅವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ಅಕ್ಕೋರ, ನನಗ ಇಂಗ್ಲಿಷ್ ತಿಳಿಯೂದಿಲ್ಲ. ಸಾಹೇಬ್ರು ಬಂದಾಗಿಂದ ಒಂದ ಮಾತು ಅಂದಾರ, ತಿರಗಿ ತಿರಗಿ ಅದನ್ನ ಅಂದಾರ. ನಮ್ಮ ಹುಡುಗಿ ಒಂದು ಮಾತು ಬರಲಿಲ್ಲ ಅಂದಕೂಡ್ಲೆ ಮೂರು ಬ್ಯಾರೆ ಮಾತು ತಂದ್ಲು. ಖರೇ ಹೇಳ್ರಿ, ಉಗ್ಗು ಯಾರಿಗೈತಿ?"

ನಾನು ನಕ್ಕೆ. ಬಹಳ ಹೊತ್ತು ನಕ್ಕೆ. ಅವನು ನಗಲಿಲ್ಲ, ಅವನಿಗೆ ಅದು ಖರೇ ಪ್ರಶ್ನೆ. ಗಾದಿಯನ್ನು ಕಂಕುಳಲ್ಲಿ ಇಟ್ಟುಕೊಂಡು, 'ನಡಿಯವ್ವ' ಎಂದು ಮಗಳನ್ನು ಕರೆದುಕೊಂಡು ಹೋದ. ಸಾಹೇಬರಿಗೆಂದು ಹೊಲಿದ ಗಾದಿಯನ್ನು ಯಾಕೆ ಒಯ್ಯುತ್ತೀ ಎಂದು ಕೇಳುವ ಧೈರ್ಯ ಮಲ್ಲಪ್ಪನವರಿಗೆ ಬರಲಿಲ್ಲ.

ಎದುರು ಮಾತಾಡಿದ್ದಕ್ಕೆ ನನಗೂ ಪ್ರಸಾದ ಬಂತು. ಬೇಸಿಗೆ ರಜೆ ಮುಗಿಯುವುದರೊಳಗೆ ಹೊಳೆಆಲೂರು ಕಡೆಗೆ ಹಾಕಿದರು. ಮಲಪ್ರಭೆ ಉಕ್ಕಿದರೆ ನೀರು ಬರುವ ಸೀಮೆ. ಅಲ್ಲಿಯ ಮಾಸ್ತರರು ಗೋಡೆಗೆ ಏನನ್ನೂ ಅಂಟಿಸುತ್ತಿರಲಿಲ್ಲ, ಹೊಳೆ ಬಂದರೆ ಗಿಡ ಎಲೆ ಸಮೇತ ಹೋಗುತ್ತದೆ ಎಂದು. ಶಿಕ್ಷೆ ಕೊಟ್ಟವರಿಗೆ ಇದು ಗೊತ್ತಿದ್ದರೆ ಬೇರೆ ಊರಿಗೆ ಹಾಕುತ್ತಿದ್ದರೋ ಏನೋ. ನನಗಂತೂ ಹಾಯೆನಿಸಿತು.

ಶಾಲೆ ಶುರುವಾಗುವ ದಿನ ಅಲ್ಲಿಗೆ ಹೋಗಲೆಂದು ಟ್ರಂಕು ಹಿಡಿದು ಹಳ್ಳಿಯ ಬಸ್ಸು ಹತ್ತಿದೆ. ಗಜೇಂದ್ರಗಡಕ್ಕೆ ಹೋಗಿ ಅಲ್ಲಿಂದ ರೋಣದ ಬಸ್ಸು ಹಿಡಿಯಬೇಕಿತ್ತು. ಮುಂದಿನ ಸೀಟಿನಲ್ಲಿ ರಜಿಯಾ ಕುಳಿತಿದ್ದಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ತೊಡೆಯ ಮೇಲೆ ಹೊಸ ಪಾಟೀಚೀಲ. ಆ ಚೀಲದ ಬಟ್ಟೆ ನನಗೆ ಗುರುತು ಸಿಕ್ಕಿತು, ಸಾಹೇಬರು ಕುಳಿತಿದ್ದ ಗಾದಿಯದು. ಕಿಟಕಿಯ ಹೊರಗೆ ದಾವಲಸಾಬ ನಿಂತಿದ್ದ. ಬಸ್ಸು ಹೊರಟ ಮೇಲೂ ಅದರ ಜೊತೆ ಸ್ವಲ್ಪ ದೂರ ನಡೆದ.

ಕಂಡಕ್ಟರ್ ಬಂದು, ಎಲ್ಲಿಗೆ ಎಂದ. ರಜಿಯಾ ಬಾಯಿ ತೆರೆದಳು. ಗಕಾರ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ದೊಡ್ಡ ಹುಡುಗರು ನಕ್ಕರು. ಊರ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದುಕೊಂಡೆ. ಅವಳ ಹೆಬ್ಬೆರಳು ಬೆರಳಿಂದ ಬೆರಳಿಗೆ ಹೋಗುವುದು ನನಗೆ ಕಾಣುತ್ತಿತ್ತು. ಕಿರುಬೆರಳಿನ ಮೇಲೆ ನಿಂತಿತು. ಗುಡ್ಡದ ಮೇಲೆ ಕೋಟೆ ಇರುವ ಊರು ಈ ಸೀಮೆಯಲ್ಲಿ ಗಜೇಂದ್ರಗಡ ಒಂದೇ ಅಲ್ಲ, ಆದರೆ ಆ ಬಸ್ಸು ಹೋಗುತ್ತಿದ್ದುದು ಅದಕ್ಕೇ.

"ಕ್ವಾಟಿ ಊರಿಗೊಂದು ಕೊಡ್ರಿ," ಎಂದಳು.

ಕಂಡಕ್ಟರ್ ಟಿಕೆಟ್ ಹರಿದು ಅವಳ ಕೈಗೆ ಕೊಟ್ಟ. ಆಮೇಲೆ ಹಿಂದಿನ ಸೀಟಿನ ಕಡೆ ತಿರುಗಿ, ನಗುತ್ತಿದ್ದವರನ್ನು, ನೀವೆಲ್ಲಿಗೆ ಎಂದು ಕೇಳಿದ.